ಮಿದುಳು ಹೆಚ್ಚುವ ಕಾಕಾ

ಇಡೀ ಪುಣೆಯಲ್ಲಿ ನಮ್ಮ ಕಾಕಾನಷ್ಟು ಮಂದಿಯ ತಲೆಯೊಳಗೆ ಇಣುಕಿದವರು ಇನ್ನೊಬ್ಬರಿರಲಿಲ್ಲ. ಆದರೆ ಕಟ್ಟಿಕೊಂಡ ಹೆಂಡತಿಯ ತಲೆಯಲ್ಲಿ ಏನಿದೆಯೆಂಬುದು ಮಾತ್ರ ಅವರಿಗೆ ಕೊನೆಗೂ ತಿಳಿಯಲಿಲ್ಲ. ಇದು ನಮ್ಮ ಕಾಕೂನ ಫಿರ್ಯಾದಿ.

ಕಾಕಾ ಒಂದು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ತೀರಿಕೊಂಡವರ ಮಿದುಳಿನ ಚೂರನ್ನು ಮೇಣದಲ್ಲಿ ಹುದುಗಿಸಿ, ಯಂತ್ರಕ್ಕೆ ಕೊಟ್ಟು ಕೂದಲಿಗಿಂತ ತೆಳ್ಳಗೆ ಹೆಚ್ಚಿ, ನೇರಳೆ ಬಣ್ಣ ಹಚ್ಚಿ ಗಾಜಿನ ಪಟ್ಟಿಯ ಮೇಲೆ ಕೂಡಿಸುವುದು ಅವರ ಕಸುಬು. ಕಸುಬು ಮನೆಗೆ ಬರದಿದ್ದೀತೆ? ಸದಾಶಿವ ಪೇಠೆಯ ನಮ್ಮ ವಾಡೆಯಲ್ಲಿ ಸೌತೆಕಾಯಿ ಹೆಚ್ಚುವ ಹಕ್ಕು ಅವರೊಬ್ಬರದೇ! ಒಂದೊಂದು ಬಿಲ್ಲೆಯೂ ಕಿಟಕಿಯ ಬೆಳಕಿನಲ್ಲಿ ಪರೀಕ್ಷೆ ಪಾಸಾಗಿಯೇ ತಟ್ಟೆಗೆ ಇಳಿಯಬೇಕು. ಊಟಕ್ಕೆ ಬಂದ ಬೀಗರೊಬ್ಬರು ಬಿಲ್ಲೆಯ ಆಚೆಗೆ ತಮ್ಮ ಬೆರಳ ಗೆರೆಗಳನ್ನು ಕಂಡು, "ಇದನ್ನ ತಿನ್ನೂದೋ, ಚಷ್ಮಾಕ್ಕ ಹಾಕಸೂದೋ?" ಎಂದು ಕೇಳಿದ್ದರು.

ಚುನಾವಣೆಯ ದಿನದ ಕಥೆಯಂತೂ ಕೇಳಬೇಡಿ. ಮತಗಟ್ಟೆಯ ಅಧಿಕಾರಿ ಶಾಯಿ ಹಚ್ಚಲು ಕೈ ಹಿಡಿದರೆ ಹತ್ತು ಬೆರಳೂ ಮೊದಲೇ ನೇರಳೆ! ಹತ್ತು ಮತ ಒಗೆದು ಬಂದ ಮಹಾಪುರುಷನೆಂದು ಅವರನ್ನು ಪಕ್ಕಕ್ಕೆ ನಿಲ್ಲಿಸಿದ. ಇದು ಮತದ ಶಾಯಿಯಲ್ಲ, ಮಿದುಳಿನ ಬಣ್ಣ ಎಂದು ಕಾಕಾ ಮರಾಠಿಯಲ್ಲಿ ಶಾಂತವಾಗಿ ವಿವರಿಸಿದ ಮೇಲೆ, ಅವನು ಆ ಕೈಯನ್ನು ಮುಟ್ಟದೆಯೇ ಮತಪತ್ರ ಕೊಟ್ಟನಂತೆ.

ಇಂಥ ಕಾಕಾ ಕೆಲಸ ಮುಗಿದ ಮೇಲೂ ಸೂಕ್ಷ್ಮದರ್ಶಕ ಬಿಟ್ಟು ಏಳುತ್ತಿರಲಿಲ್ಲ. ಕಾರಣ ಅವರ ತಂಗಿ, ನಮ್ಮ ಅತ್ಯಾ. ಅವಳಿಗೆ ಸ್ಕಿಝೋಫ್ರೇನಿಯಾ. ಯಾರಿಗೂ ಕೇಳದ ದನಿಗಳು ಅವಳಿಗೆ ಕೇಳುತ್ತಿದ್ದವು. ಅವಳು ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದಳು. ಅವಳು ಹುಡುಗಿಯಾಗಿದ್ದಾಗ ಅಜ್ಜಿ ಸಿಟ್ಟಿನಲ್ಲಿ ಒಮ್ಮೆ ಲಟ್ಟಣಿಗೆಯಿಂದ ತಲೆಗೆ ಹೊಡೆದಿದ್ದಳಂತೆ. ಆ ಪೆಟ್ಟಿನಿಂದಲೇ ಮಗಳ ತಲೆ ಕೆಟ್ಟಿತೆಂದು ಅಜ್ಜಿ ನಂಬಿಬಿಟ್ಟಿದ್ದಳು. ಕಾಯಿಲೆ ಬಂದಂದಿನಿಂದ ಆ ತಲೆಯನ್ನು ಅವಳು ಮುಟ್ಟಿರಲಿಲ್ಲ.

ಈ ಕಾಯಿಲೆಯ ಕೆಲವರ ಮಿದುಳಿನ ಒಂದು ಮೂಲೆಯಲ್ಲಿ ಕೋಶಗಳು ಸಾಲು ತಪ್ಪಿ ನಿಂತಿರುತ್ತವೆಂಬ ಸುದ್ದಿ ಎಂಬತ್ತರ ದಶಕದಲ್ಲಿ ಪರದೇಶದಿಂದ ಕಾಲೇಜಿಗೂ ಬಂತು. ಕಾಕಾ ಒಂದು ದಿನ ಅಜ್ಜಿಯನ್ನೇ ರಿಕ್ಷಾದಲ್ಲಿ ಪ್ರಯೋಗಾಲಯಕ್ಕೆ ಕರೆದೊಯ್ದರು. ನಾನೂ ಹೋದೆ. ಅಜ್ಜಿ ಚಪ್ಪಲಿ ಹೊರಗೆ ಬಿಟ್ಟಳು, ಸೂಕ್ಷ್ಮದರ್ಶಕಕ್ಕೆ ಕೈ ಮುಗಿದಳು, ತೀರ್ಥ ಕೊಡುವವರು ಎಲ್ಲಿ ಎಂಬಂತೆ ಸುತ್ತ ನೋಡಿದಳು, ಆಮೇಲೆ ಕಣ್ಣಿಟ್ಟಳು. ಕಾಕಾ ಮೊದಲು ಕಾಯಿಲೆ ಇಲ್ಲದವರದನ್ನು ತೋರಿಸಿದರು, ನಂತರ ಇದ್ದವರೊಬ್ಬರದನ್ನು.

"ರಂಗೋಲಿ ಚುಕ್ಕಿ ಇದ್ದಂಗ ಅದಾವ," ಎಂದಳು ಅಜ್ಜಿ. "ಇದರಾಗ ಸಾಲ ತಪ್ಪ್ಯಾವ." ಕಣ್ಣು ತೆಗೆಯದೆಯೇ ಕೇಳಿದಳು: "ನಮ್ಮ ಹುಡಿಗಿದು ತಪ್ಪಿಸಿದ್ದು ನನ್ನ ಕೈಯೇನೋ?"

ಕಾಣದ್ದನ್ನು ಕಂಡೆ ಎನ್ನುವ ಜಾಯಮಾನ ಕಾಕಾನದಲ್ಲ.

"ಯಾಕ ತಪ್ಪತಾವೋ ಯಾರಿಗೂ ಗೊತ್ತಿಲ್ಲವ್ವಾ. ಎಲ್ಲಾರದೂ ತಪ್ಪಿರೂದೂ ಇಲ್ಲ. ಆದರ ಪೆಟ್ಟು ಬಿದ್ದ ಮಿದುಳ ನಾ ಭಾಳ ನೋಡೇನಿ. ಅದರ ಗುರುತ ಬ್ಯಾರೆ. ಈ ಬ್ಯಾನಿ ಇದ್ದವರೊಳಗ ಆ ಗುರುತ ಇಷ್ಟು ವರ್ಷ ಹುಡುಕೇನಿ. ಒಮ್ಮೆನೂ ಸಿಕ್ಕಿಲ್ಲ."

ಮರುದಿನ ಬೆಳಿಗ್ಗೆ ಅಜ್ಜಿ ಎಣ್ಣೆಯ ಬಟ್ಟಲು, ಹಣಿಗೆ ಹಿಡಿದುಕೊಂಡು ಬಂದು ಅತ್ಯಾನ ಬೆನ್ನ ಹಿಂದೆ ಕುಳಿತಳು. ಅತ್ಯಾ ತನ್ನ ಕಾಣದ ಜನರೊಡನೆ ಏನೋ ಮಾತಿನಲ್ಲಿದ್ದಳು. ನೆತ್ತಿಗೆ ಕೈ ತಾಗಿತು.

"ಸ್ವಲ್ಪ ತಡೀರಿ," ಎಂದಳು ಅವರಿಗೆ. "ನಮ್ಮವ್ವ ಹೆರಳ ಹಾಕ್ಲಿಕತ್ತಾಳ."