ಶ್ರೀನಗರದ ‘ನೋಡೋಣ’

ಕೆಲವರಿಗೆ ಹಲ್ಲಿ ಕಂಡರೆ ಭಯ, ಕೆಲವರಿಗೆ ಲಿಫ್ಟ್ ಎಂದರೆ ಭಯ. ನನಗೆ ಇಂಗ್ಲಿಷಿನಲ್ಲಿ ಮೊದಲ ವಾಕ್ಯ ಶುರು ಮಾಡುವುದೆಂದರೆ ಭಯ. ಎರಡನೆಯ ವಾಕ್ಯಕ್ಕೆ ಅಷ್ಟು ಹೆದರಿಕೆಯಿಲ್ಲ, ಆದರೆ ಮೊದಲನೆಯದು ಬಂದರೆ ತಾನೇ ಎರಡನೆಯದು! ಕನ್ನಡದಲ್ಲಾದರೆ ನನ್ನದು ಬಾಯಿ ಬೊಂಬಾಯಿ ಎಂದು ಮನೆಯವರ ದೂರು. ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಅರ್ಧ ಸುದ್ದಿ ಹೇಳಿ ಮುಗಿಸಿರುತ್ತೇನೆ. ಅದೇ ಬಾಯಿ ಇಂಗ್ಲಿಷ್ ಮಾತಾಡುವವರ ನಡುವೆ ಕೂತರೆ ಬೀಗ ಹಾಕಿಕೊಂಡುಬಿಡುತ್ತದೆ. ವ್ಯಾಕರಣ ಬರುವುದಿಲ್ಲವೆಂದಲ್ಲ, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೇ ಬರುತ್ತದೆ. ಆದರೆ ಮನಸ್ಸಿನೊಳಗೆ ವಾಕ್ಯ ಕಟ್ಟಿ, ಇಲ್ಲಿ ‘ಹ್ಯಾಸ್’ ಸರಿಯೋ ‘ಹ್ಯಾವ್’ ಸರಿಯೋ ಎಂದು ಪರಿಶೀಲಿಸಿ ತಲೆಯೆತ್ತುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಗಿ, ಎಲ್ಲರೂ ನಗುತ್ತಿರುತ್ತಾರೆ. ನಾನೂ ಏನೆಂದು ತಿಳಿಯದೆ ನಗುತ್ತೇನೆ.

ಇಂಥವಳು ಬಿ.ಕಾಂ. ಎರಡನೇ ವರ್ಷದಲ್ಲಿ ಒಂದು ದೊಡ್ಡ ಬ್ಯಾಂಕಿನ ಮೂರು ದಿನದ ‘ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಇನ್‌ಸೈಟ್ ಪ್ರೋಗ್ರಾಂ’ಗೆ ಅರ್ಜಿ ಹಾಕಿದೆ. ಅರ್ಜಿಯನ್ನು ಬರೆದು ಕಳಿಸುವುದಾದ್ದರಿಂದ ಆಯ್ಕೆಯೂ ಆಯಿತು. ಸಂಭ್ರಮದಿಂದ ಮನೆಯಲ್ಲಿ ಹೇಳಿದರೆ ಅಪ್ಪನ ಮುಖ ಸಣ್ಣಗಾಯಿತು. ಅಪ್ಪ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಕೆಲಸದವರು. ಅವರ ಕಿವಿಗೆ ಬಿದ್ದದ್ದು ಎರಡೇ ಪದ: ಒಂದು ‘ಇನ್ವೆಸ್ಟ್‌ಮೆಂಟ್’, ಇನ್ನೊಂದು ‘ಸೈಟ್’. “ಎಲ್ಲಮ್ಮಾ ಸೈಟು? ಕೋಣನಕುಂಟೆ ಕಡೆನಾ? ಪತ್ರ ನೋಡ್ದೆ ಎಲ್ಲೂ ಸೈನ್ ಮಾಡ್ಬೇಡ” ಎಂದರು. ಇದು ಆ ಸೈಟಲ್ಲ, ಒಂದು ಕಂಪನಿಯನ್ನು ಇನ್ನೊಂದು ಕಂಪನಿ ಕೊಳ್ಳುವಾಗ ನಡುವೆ ಕೂತು ಮಾತುಕತೆ ಕುದುರಿಸುವವರ ಕೆಲಸ ತೋರಿಸಿಕೊಡುತ್ತಾರೆ ಎಂದು ಬಿಡಿಸಿ ಹೇಳಿದೆ. ಹೊಲಿಗೆ ಮಿಷನ್ನಿನ ಹಿಂದಿನಿಂದ ಅಮ್ಮ, “ಬ್ರೋಕರ್ ಕೆಲ್ಸ ಅನ್ನು ಮತ್ತೆ. ಅದಕ್ಕೆ ಬಾಯಿ ಜೋರಿರ್ಬೇಕು, ನಿನಗೆ ಸರಿಹೋಗತ್ತೆ ಬಿಡು” ಎಂದಳು. ನನ್ನ ಬಾಯಿಯ ಇನ್ನೊಂದು ಮುಖ ಅಮ್ಮನಿಗೆ ಗೊತ್ತಿರಲಿಲ್ಲ.

ಜೆ.ಪಿ. ನಗರದ ಆ ಬ್ಯಾಂಕಿನ ಗಾಜಿನ ಕಟ್ಟಡದಲ್ಲಿ ನಾವು ನಲವತ್ತು ಜನ ವಿದ್ಯಾರ್ಥಿಗಳಿದ್ದೆವು. ಮೊದಲ ದಿನವೇ ಮೃಣಾಲಿನಿ ಮೇಡಂ, ಅಂದರೆ ಕಾರ್ಯಕ್ರಮ ನಡೆಸುತ್ತಿದ್ದವರು, ಚೊಕ್ಕ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದರು. ಮೂರು ದಿನ ಯಾರು ಹೇಗೆ ಭಾಗವಹಿಸುತ್ತಾರೆಂದು ನೋಡಿ, ಎಂಟು ಜನರನ್ನು ಮಾತ್ರ ಬೇಸಿಗೆಯ ಇಂಟರ್ನ್‌ಶಿಪ್ಪಿನ ಸಂದರ್ಶನಕ್ಕೆ ಕರೆಯುತ್ತಾರಂತೆ. ನನಗೆ ಆ ಎಂಟರಲ್ಲಿ ಒಬ್ಬಳಾಗಬೇಕೆಂದು ಎಷ್ಟು ಆಸೆಯಾಯಿತೆಂದರೆ, ಕೂತಲ್ಲೇ ಅಂಗೈ ಬೆವರಿತು. ಆದರೆ ಭಾಗವಹಿಸುವುದೆಂದರೆ ಬಾಯಿ ಬಿಡುವುದು. ಆ ದಿನವೆಲ್ಲ ನಾನು ಬಾಯಿ ಬಿಟ್ಟದ್ದು ಸಮೋಸಕ್ಕೆ ಮಾತ್ರ. ಎರಡನೆಯ ದಿನ ಪ್ರಗತಿಯಾಯಿತು: “ಎಕ್ಸ್‌ಕ್ಯೂಸ್ ಮಿ” ಎಂದೆ. ನನ್ನ ಮುಂದೆ ನಿಂತಿದ್ದವರು ದಾರಿ ಬಿಟ್ಟರು, ನಾನು ನೀರು ಕುಡಿದು ಬಂದೆ.

ನಮ್ಮ ಗುಂಪಿನಲ್ಲಿ ಐದು ಜನ. ನಾಯಕಿ ತನಿಷಾ, ಇಂಗ್ಲಿಷ್ ಅವಳಿಗೆ ಉಸಿರಾಟದಷ್ಟು ಸಲೀಸು, ಜೊತೆಗೆ ಒಳ್ಳೆಯವಳು ಬೇರೆ, ಬೈದುಕೊಳ್ಳಲೂ ಅವಕಾಶವಿಲ್ಲ. ನನ್ನ ಪಕ್ಕದಲ್ಲಿ ಈರಣ್ಣ. ಗದಗದ ಕಡೆಯ ಹುಡುಗ, ಬಿಟಿಎಂನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಓದುತ್ತಿದ್ದ. ಅವನ ಇಂಗ್ಲಿಷೂ ನನ್ನದರಂತೆಯೇ, ಆದರೆ ಅವನಿಗೆ ಭಯವೆಂಬುದೇ ಇರಲಿಲ್ಲ. ತಪ್ಪೋ ಒಪ್ಪೋ, ಗಟ್ಟಿಯಾಗಿ ಹೇಳಿ ಕೂತುಬಿಡುತ್ತಿದ್ದ. “ತಪ್ಪಾದ್ರ ಅವರ ತಿದ್ದತಾರ್ರೀ, ಅದಕ್ಕ ಅಲ್ಲೇನು ಅವರಿಗೆ ಪಗಾರ ಕೊಡೂದು?” ಎಂದು ನನಗೆ ಧೈರ್ಯ ಹೇಳಿದ. ಮಾತೇನೋ ಸರಿಯಾಗಿತ್ತು, ಧೈರ್ಯ ಮಾತ್ರ ಬರಲಿಲ್ಲ.

ಮೂರನೆಯ ದಿನ ಕೊನೆಯ ಪರೀಕ್ಷೆ. ಬ್ಯಾಂಕಿನ ಹಿರಿಯರಾದ ಶ್ರೀಧರ್ ಎಂಬುವರು ಒಂದು ಹಪ್ಪಳದ ಕಂಪನಿಯ ಮಾಲೀಕರಾಗಿ ನಟಿಸುತ್ತಾರೆ. ದೊಡ್ಡ ಕಂಪನಿಯೊಂದಕ್ಕೆ ಅದನ್ನು ಮಾರಲು ನಾವು, ಅಂದರೆ ಬ್ಯಾಂಕಿನವರು, ಅವರನ್ನು ಒಪ್ಪಿಸಬೇಕು. ಎಂಟು ಗುಂಪುಗಳೂ ಒಂದೊಂದಾಗಿ ಎಲ್ಲರೆದುರು ಅವರ ಮುಂದೆ ಕೂತು ಮಾತಾಡಿದವು. ಅವರು ಎಲ್ಲರಿಗೂ ಕಾಫಿ ಕೊಟ್ಟರು, ತಲೆಯಾಡಿಸಿದರು, ಬೆಲೆ ಚೆನ್ನಾಗಿದೆಯೆಂದು ಹೊಗಳಿದರು. ಕೊನೆಗೆ ಎಲ್ಲರಿಗೂ ಒಂದೇ ಮಾತು, ಅದೇ ಸೌಮ್ಯವಾದ ನಗು: “ವೆರಿ ಗುಡ್. ಲೆಟ್ ಅಸ್ ಸೀ.” ಪ್ರತಿ ಗುಂಪೂ ಮಾಲೀಕರ ಉತ್ತರವೇನೆಂದು ಒಂದು ಹಾಳೆಯಲ್ಲಿ ಬರೆಯಬೇಕಿತ್ತು. ತನಿಷಾ ಖುಷಿಯಿಂದ ‘ಪಾಸಿಟಿವ್’ ಎಂದು ಬರೆದಳು.

ನನಗೆ ಮಾತ್ರ ಹಾಗನ್ನಿಸಲಿಲ್ಲ. ಏಕೆಂದರೆ ಆ ಮಾತು, ಆ ನಗು, ಆ ತಲೆಯಾಟ ನನಗೆ ಹುಟ್ಟಿದಾಗಿನಿಂದ ಪರಿಚಯ. ಬೆಂಗಳೂರಿನ ಶ್ರೀನಗರದ ನಮ್ಮ ಮನೆಯಲ್ಲಿ ಅಮ್ಮ ಬ್ಲೌಸ್ ಹೊಲಿಯುತ್ತಾಳೆ. ಶ್ರಾವಣ ಬಂತೆಂದರೆ ಬಾಗಿಲಲ್ಲಿ ಹೆಂಗಸರ ಸಾಲು. “ಆಂಟಿ, ಶುಕ್ರವಾರಕ್ಕೆ ಆಗತ್ತಾ?” ಎಂದು ಕೇಳಿದರೆ ಅಮ್ಮ ನಗುತ್ತಾ, “ನೋಡೋಣಮ್ಮ” ಎನ್ನುತ್ತಾಳೆ. ಅದರ ಅರ್ಥ ಶುಕ್ರವಾರಕ್ಕೆ ಆಗುವುದಿಲ್ಲ, ಶನಿವಾರವೂ ಬರಬೇಡಿ ಎಂದು. ಸುಣ್ಣ ಹೊಡೆಸಿ ಎಂದರೆ ನಮ್ಮ ಮನೆ ಮಾಲೀಕರು ಆರು ವರ್ಷದಿಂದ “ನೋಡೋಣ” ಎನ್ನುತ್ತಿದ್ದಾರೆ, ಗೋಡೆಯನ್ನು ನಾವೇ ನೋಡುತ್ತಿದ್ದೇವೆ. ಮನೆಗೆ ಬಂದವರ ಮುಖದ ಮೇಲೆ ‘ಆಗಲ್ಲ’ ಎನ್ನಲು ನಮ್ಮವರಿಗೆ ನಾಲಗೆಯೇ ಹೊರಳುವುದಿಲ್ಲ. ಹಾಗಾಗಿ ಕಾಫಿ ಕೊಟ್ಟು, ‘ನೋಡೋಣ’ ಎಂದು, ಗೇಟಿನವರೆಗೂ ಬಂದು ಕಳಿಸಿಕೊಡುತ್ತಾರೆ.

ಇದನ್ನು ಈರಣ್ಣನ ಕಿವಿಯಲ್ಲಿ ಹೇಳಿದೆ. ಅವನಿಗೆ ಪರಮಾಶ್ಚರ್ಯ. “ನೋಡೂಣು ಅಂದ್ರ ನೋಡ್ತೀವಿ ಅಂತ ಅಲ್ಲೇನ್ರೀ? ನಮ್ಮ ಕಡೆ ಆಗೂದಿಲ್ಲಂದ್ರ ‘ಆಗೂದಿಲ್ಲ, ಹೋಗ್ರಿ’ ಅಂತ ಮಾರಿ ಮ್ಯಾಲೇ ಹೇಳಿಬಿಡ್ತಾರ. ಅದಕ್ಕ ನೋಡ್ರಿ, ನಮ್ಮ ರೂಮಿನ ಓನರು ಗೀಜರ್ ಹಾಕಸ್ತಾರಂತ ನಾ ನಾಕು ತಿಂಗಳಾತು ಕಾಯಾಕತ್ತೀನಿ!” ಎಂದ. ಅವನ ಮುಖ ನೋಡಿ ನನಗೆ ಪಾಪವೆನಿಸಿತು.

ಅಷ್ಟರಲ್ಲಿ ಎಂಟು ಗುಂಪುಗಳೂ ತಮ್ಮ ತಮ್ಮ ಹಾಳೆ ಓದಿ ಮುಗಿಸಿದವು. ಎಂಟೂ ‘ಪಾಸಿಟಿವ್’. ಶ್ರೀಧರ್ ಸಾರ್ ಸುತ್ತ ನೋಡಿ, ಯಾರಾದರೂ ಉತ್ತರ ಬದಲಿಸುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಈರಣ್ಣ ಮೊಣಕೈಯಿಂದ ತಿವಿದ. ಈಗಲೂ ಸುಮ್ಮನಿದ್ದರೆ ಸಮೋಸ ತಿಂದು ಮನೆಗೆ ಹೋದವಳೆಂಬ ಹೆಸರೊಂದೇ ಉಳಿಯುವುದೆಂದು ಎದ್ದು ನಿಂತೆ. “ಸರ್, ದಟ್ ಈಸ್ ನೋ” ಎಂದೆ. ಅವರಿಗೆ ಅರ್ಥವಾಗಲಿಲ್ಲ. “ಯುವರ್ ಲೆಟ್ ಅಸ್ ಸೀ ಈಸ್…” ಎಂದು ಶುರು ಮಾಡಿದವಳಿಗೆ ಮುಂದಿನದು ಮಾಯವಾಯಿತು. ಮೂರು ದಿನ ತಡೆದಿಟ್ಟಿದ್ದ ಕನ್ನಡ ಕಟ್ಟೆಯೊಡೆದು ಬಂತು: “ಸಾರ್, ಅದು ‘ನೋಡೋಣ’, ಸಾರ್! ನಮ್ ಕಡೆ ಆಗಲ್ಲ ಅಂತ ಅರ್ಥ!”

ಕೋಣೆಯೆಲ್ಲ ನಕ್ಕಿತು, ಹಿಂದೆ ಕೂತಿದ್ದ ಮೃಣಾಲಿನಿ ಮೇಡಂ ಕೂಡ. ನನ್ನ ಕಿವಿ ಬಿಸಿಯಾಯಿತು. ಸಾರ್ ಮಾತ್ರ ಕುರ್ಚಿಯಿಂದ ಮುಂದೆ ಬಾಗಿ, ಅಚ್ಚ ಬೆಂಗಳೂರು ಕನ್ನಡದಲ್ಲಿ, “ಸರಿಯಮ್ಮ. ಆಗಲ್ಲ ಅಂತ ಗೊತ್ತಾಯ್ತಲ್ಲ, ಈಗೇನ್ ಮಾಡ್ತೀಯ?” ಎಂದರು. ನನ್ನ ವಾಣಿಜ್ಯ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆದರೆ ಅಮ್ಮನ ‘ನೋಡೋಣ’ವನ್ನು ಗೆದ್ದವರನ್ನು ನಾನು ಕಂಡಿದ್ದೆ. ಹನುಮಂತನಗರದ ಟೀಚರೊಬ್ಬರು ಉಳಿದವರಂತೆ ದುಂಬಾಲು ಬೀಳುವುದಿಲ್ಲ. ಸ್ಟೂಲಿನ ಮೇಲೆ ಕೂತು, “ಏನ್ ತೊಂದರೆ ಹೇಳಿ” ಎನ್ನುತ್ತಾರೆ. ಅಮ್ಮ ಲೈನಿಂಗ್ ಬಟ್ಟೆ ಸಿಕ್ಕಿಲ್ಲವೆಂದೋ ಕೈನೋವೆಂದೋ ನಿಜ ಹೇಳುತ್ತಾಳೆ, ಅವರು ಅದಕ್ಕೊಂದು ದಾರಿ ಮಾಡುತ್ತಾರೆ, ಬ್ಲೌಸ್ ಸಮಯಕ್ಕೆ ಸರಿಯಾಗಿ ಸಿದ್ಧವಾಗುತ್ತದೆ. ಹಾಗಾಗಿ ನಾನೂ ಕೇಳಿದೆ: “ಸಾರ್, ನಿಮಗೆ ಏನ್ ತೊಂದರೆ?”

ಅವರು ತಕ್ಷಣ ಹಪ್ಪಳದ ಮಾಲೀಕರಾದರು. “ಕಂಪನಿಗೆ ನಮ್ ತಾಯಿ ಹೆಸರಿಟ್ಟಿದೀನಮ್ಮ. ನಾಳೆ ತಗೊಂಡೋರು ಪ್ಯಾಕೆಟ್ ಮೇಲಿಂದ ಆ ಹೆಸರೇ ತೆಗೆದುಬಿಟ್ರೆ?” ಆಮೇಲೆ ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ತೋರಿಸಿದರು. ಅವರ ಪಾತ್ರದ ಗುಟ್ಟು ಅದೊಂದೇ ಆಗಿತ್ತಂತೆ, ಬೆಳಗಿನಿಂದ ಯಾರಾದರೂ ಕೇಳಲೆಂದು ಕಾದಿದ್ದರಂತೆ. ಎಂಟು ಗುಂಪುಗಳೂ ಬೆಲೆಯ ಬಗ್ಗೆಯೇ ಮಾತಾಡಿದ್ದವು. ತನಿಷಾ ಹಾಳೆಯಲ್ಲಿ ‘ಪಾಸಿಟಿವ್’ ಹೊಡೆದುಹಾಕಿ ‘ಹೆಸರು ಉಳಿಸುವ ಷರತ್ತು’ ಎಂದು ಇಂಗ್ಲಿಷಿನಲ್ಲಿ ಬರೆದು, ನನ್ನ ಕಡೆ ತಿರುಗಿ, “ಇಷ್ಟು ದಿನ ಎಲ್ಲಿದ್ದೆ ನೀನು?” ಎಂದಳು. ಕನ್ನಡದಲ್ಲೇ! ಅವಳ ಮನೆ ಅರೆಕೆರೆಯಲ್ಲಂತೆ. ಎರಡೂವರೆ ದಿನ ಅವಳೊಡನೆ ಸನ್ನೆಯಲ್ಲಿ ವ್ಯವಹರಿಸಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

ಅದಾಗಿ ಒಂಬತ್ತು ದಿನಕ್ಕೆ, ನಾನು ಬಟ್ಟೆ ಒಣಗಹಾಕುತ್ತಿದ್ದಾಗ ಫೋನ್ ಬಂತು. ಮೃಣಾಲಿನಿ ಮೇಡಂ. ಎಂಟರಲ್ಲಿ ನನ್ನ ಹೆಸರಿದೆಯೆಂದರು. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಸೋಮವಾರ ಹತ್ತು ಗಂಟೆಗೆ ಸಂದರ್ಶನಕ್ಕೆ ಬರಲು ಆಗುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸೋಮವಾರ ಹತ್ತಕ್ಕೇ ಕಾಲೇಜಿನಲ್ಲಿ ಇಂಟರ್ನಲ್ ಟೆಸ್ಟ್. ತಪ್ಪಿಸುವ ಹಾಗಿಲ್ಲ. ಆದರೆ ಇಷ್ಟು ದೊಡ್ಡವರು ತಾವಾಗಿ ಫೋನ್ ಮಾಡಿರುವಾಗ ಆಗಲ್ಲ ಎಂದು ಹೇಗೆ ಹೇಳುವುದು? ನಲವತ್ತು ಜನರಿಗೆ ಪಾಠ ಹೇಳಿ ಬಂದ ನನ್ನ ಬಾಯಿಂದ, ಜೀವನದಲ್ಲೇ ಮೊದಲ ಬಾರಿಗೆ ಸಲೀಸಾದ ಇಂಗ್ಲಿಷಿನಲ್ಲಿ, ಒಂದಿಷ್ಟೂ ತಡವರಿಸದೆ ಮಾತು ಬಂತು: “ಲೆಟ್ ಅಸ್ ಸೀ, ಮ್ಯಾಮ್.”

ಒದ್ದೆ ಟವಲ್ ಹಿಡಿದುಕೊಂಡು ನಾನು ಹಾಗೇ ನಿಂತೆ. ಆಮೇಲೆ, ಮೂರು ದಿನವೂ ಒಂದೇ ಒಂದು ಕನ್ನಡ ಪದ ಆಡದಿದ್ದ ಮೇಡಂ, ಒಂದೊಂದೇ ಅಕ್ಷರ ಜೋಡಿಸಿಕೊಂಡು ಕೇಳಿದರು: “ಪಲ್ಲವಿ, ಏನ್ ತೊಂದರೆ?”