ತಿರುಳು ಮೊದಲು, ಚಹಾ ಆಮೇಲೆ

ಕನ್ನಡ ಕಲಿಸುವವರು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ನಾನು ಅತಿಥಿ ಶಿಕ್ಷಕಿ. ಅತಿಥಿ ಅಂದರೆ ವರ್ಷ ಮುಗಿದ ಕೂಡಲೇ ಎದ್ದು ಹೋಗಬೇಕಾದವಳು. ಮತ್ತೆ ಕರೆಯುವುದು ಬಿಡುವುದು ಹೆಡ್‌ಮಾಸ್ತರರ ಮತ್ತು ಶಾಲಾ ಸಮಿತಿ ಅಧ್ಯಕ್ಷರ ಮರ್ಜಿ. ಈ ವರ್ಷ ಒಂದೇ ಒಂದು ಪಾಠದಿಂದ ಆ ಮರ್ಜಿ ಕಳೆದುಕೊಳ್ಳುವುದರಲ್ಲಿದ್ದೆ.

೧. ಬಾರದ ಬಸ್ಸು

‘ನಾನು ಮರೆಯದ ಪ್ರಯಾಣ’ ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಮುಶಿಗೇರಿಯ ಹುಡುಗನೊಬ್ಬ ಇಟಗಿಗೆ ಹೋದ ಕಥೆ ಹಿಡಿದ. ಮೊದಲ ಪುಟದಲ್ಲಿ ಎದ್ದ, ಜಳಕ ಮಾಡಿದ, ರೊಟ್ಟಿ ತಿಂದ. ಎರಡನೆಯ ಪುಟವೆಲ್ಲ ಅಜ್ಜಿಯ ಚೀಲ ಹುಡುಕಿದ. ಮೂರನೆಯದರಲ್ಲಿ ಬಸ್ಸಿಗೆ ಕಾಯುತ್ತ ನಿಂತ. ಅಷ್ಟರಲ್ಲಿ ಗಂಟೆ ಹೊಡೆಯಿತು.

“ನೀ ಏನ್ ಹೇಳಾಕ ಹೊಂಟೀಯೋ? ಇದರ ತಿರುಳು ಎಲ್ಲೈತಿ?”

“ಬಸ್ಸಿನ್ಯಾಗ ಐತ್ರಿ ಟೀಚರ್. ಬಸ್ ಇನ್ನಾ ಬಂದಿಲ್ರಿ.”

೨. ಒಂದು ಸಾಲಿನ ಧೈರ್ಯ

ಪಿತ್ತ ನೆತ್ತಿಗೇರಿತು. ಆದರೆ ತಪ್ಪು ಹುಡುಗನದಲ್ಲ. ನಮ್ಮ ಕಡೆ ಯಾರ ಮನೆಗೆ ಏನು ಕೇಳಲು ಹೋದರೂ ಮೊದಲು ಮಳೆಯ ಮಾತು, ಆಮೇಲೆ ಬೆಳೆ, ಆಮೇಲೆ ಚಹಾ. ಹೊರಡುವಾಗ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ “ಅಂದಂಗ...” ಅಂದರೆ, ಬಂದ ಕೆಲಸ ಈಗ ಹೊರಬೀಳುತ್ತದೆ ಎಂದು ತಿಳಿಯಬೇಕು.

ಪ್ರಬಂಧ ಹಾಗಲ್ಲ ಎಂದು ಮರುದಿನ ಬೋರ್ಡ್ ತುಂಬ ಬರೆದೆ. ನಿಮ್ಮ ಕಥೆಯ ತಿರುಳನ್ನು ಮೊದಲ ಪ್ಯಾರಾದಲ್ಲೇ ಒಂದು ಸಾಲಿನಲ್ಲಿ ಹೇಳಿ. ಕಾರಣ, ಘಟನೆ ಆಮೇಲೆ. ಆ ಒಂದು ಸಾಲಿಗೆ ಧೈರ್ಯ ಬೇಕು ಎಂದು ಭಾಷಣವನ್ನೂ ಬಿಗಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅಷ್ಟನ್ನೂ ಬರೆದುಕೊಂಡಳು. ಸೀರೆ ನೇಯುವ ಅವಳ ಅಪ್ಪನೇ ಸಮಿತಿಯ ಅಧ್ಯಕ್ಷರು.

“ಟೀಚರ್, ಇದು ಪ್ರಬಂಧಕ್ಕಷ್ಟ ಏನ್ರಿ?” ಎಂದಳು.

“ಎಲ್ಲಾದಕ್ಕೂ!” ಎಂದೆ. ಆ ಒಂದು ಮಾತು ನುಂಗಿಕೊಂಡಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

೩. ಅವಲಕ್ಕಿ ತಟ್ಟೆ

ಸೋಮವಾರ ಅವಳೇ ವರದಿ ತಂದಳು. ಹಿಂದಿನ ದಿನ ಅವಳ ಅಕ್ಕನನ್ನು ನೋಡಲು ನರಗುಂದದಿಂದ ಗಂಡಿನ ಕಡೆಯವರು ಬಂದಿದ್ದರಂತೆ. ಹಿರಿಯರು ಮಳೆ ಮುಗಿಸಿ ಬೆಳೆಗೆ ಬಂದಿದ್ದರು. ಈಕೆ ಅವಲಕ್ಕಿ ತಟ್ಟೆ ಇಟ್ಟು, ಎಲ್ಲರ ಎದುರು ನೆಟ್ಟಗೆ ನಿಂತು ಹೇಳಿದ್ದಳು: “ನಮ್ಮ ಅಕ್ಕಗ ಈಗ ಮದಿವಿ ಬ್ಯಾಡಾಗೈತ್ರಿ. ಕಾರಣ ಮುಂದ ಹೇಳ್ತೀನ್ರಿ.”

ಮುಂದೆ ಕೇಳಲು ಯಾರೂ ಕೂಡಲಿಲ್ಲ.

“ನಿಮ್ಮಪ್ಪ ಏನಂದ್ರು?”

“ಇದನ್ನ ಯಾರು ಕಲಿಸಿದ್ರು ಅಂದ್ರು ಟೀಚರ್. ನಿಮ್ಮ ಹೆಸರು ಮೊದಲನೇ ಸಾಲಿನ್ಯಾಗ ಹೇಳೀನ್ರಿ.”

೪. ಹೊಸ್ತಿಲ ಮಾತು

ಸಂಜೆ ಹೆಡ್‌ಮಾಸ್ತರರು, “ನಾಳಿ ಅಧ್ಯಕ್ಷರು ಬರ್ತಾರ. ನೀವೂ ಇರ್ರಿ” ಅಂದರು. ಮರುದಿನ ನಾನಿರುವ ರೋಣದಿಂದ ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಒಂದೇ ಸಾಲನ್ನು ಬಾಯಿಪಾಠ ಮಾಡಿದೆ: ತಪ್ಪು ನಂದ್ರಿ, ಕೆಲಸದಿಂದ ತಗೀಬ್ಯಾಡ್ರಿ.

ಆಫೀಸಿನಲ್ಲಿ ಅಧ್ಯಕ್ಷರು ಗಂಟು ಮುಖ ಹಾಕಿಕೊಂಡು ಕೂತಿದ್ದರು. ಮಗಳು ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆದೆ.

“ಯಜಮಾನ್ರ, ಈ ಸಲ ಮಳಿ ಹ್ಯಾಂಗ್ರಿ? ಮಗ್ಗ ಚಲೋ ನಡದಾವ?”

“ಟೀಚರ್,” ಬಾಗಿಲಿಂದ ದನಿ ಬಂತು, “ತಿರುಳು ಎಲ್ಲೈತ್ರಿ?”

ಅಧ್ಯಕ್ಷರು ಮಳೆಯ ಬಗ್ಗೆ ಹೇಳಿದರು, ಮಗ್ಗದ ಬಗ್ಗೆ ಹೇಳಿದರು, ಚಹಾ ಮುಗಿಸಿದರು. ನನ್ನ ಚಹಾ ಕೈಯಲ್ಲೇ ಆರಿತು. ಕೊನೆಗೆ ಎದ್ದು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿದರು.

“ಅಂದಂಗ, ಟೀಚರ್...”

ನಾನು ಚಹಾದ ಕಪ್ಪನ್ನು ಮೇಜಿನ ಮೇಲಿಟ್ಟೆ.

“ನನ್ನ ದೊಡ್ಡ ಮಗಳು ಮೂರು ತಿಂಗಳಿಂದ ಮಗ್ಗದ ಬಾಜೂಕ ಬಂದು ನಿಲ್ತಿದ್ಲು. ಏನವಾ ಅಂದ್ರ, ಚಹಾ ಬೇಕೇನಪ್ಪಾ ಅಂತ ಕೇಳಿ ಹೋಗ್ತಿದ್ಲು. ಇನ್ನಾ ಓದ್ತೀನಿ ಅನ್ನಾಕ ಆಕಿಗೆ ಬಾಯಿ ಬರಲಿಲ್ಲ. ನನಗ ಖರೇನ ಗೊತ್ತಿರಲಿಲ್ರಿ. ಸಣ್ಣಾಕಿ ಒಂದ ಸಾಲಿನ್ಯಾಗ ಹೇಳಿಬಿಟ್ಲು. ಓದ್ಲಿ.”

ನನ್ನ ಕಣ್ಣು ತುಂಬಿ ಬಂದವು. ಹೆಡ್‌ಮಾಸ್ತರರು ಮೆಲ್ಲಗೆ, “ಹಂಗಾದ್ರ ಟೀಚರ್ ಮುಂದಿನ ವರ್ಷಾನೂ...?” ಅಂದರು.

“ಟೀಚರ್ ಇರಲಿ ರೀ.” ಅಧ್ಯಕ್ಷರು ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. “ಆದ್ರ ಇನ್ನೊಮ್ಮಿ ನಮ್ಮನಿಗೆ ಬೀಗರು ಬರೂದಿದ್ರ ಮೊದಲ ತಿಳಿಸ್ತೀನ್ರಿ. ಐತವಾರ ರಜಾ ಇದ್ರೂ ಅಡ್ಡಿಲ್ಲ, ಅವತ್ತ ಇಕಿ ಒಬ್ಬಾಕಿಗೆ ಸಾಲಿ ಇಡ್ರಿ!”