ಬೇಕರಿ ಬಾಗಿಲಿನ ಜರ್ಮನ್ ಪ್ರಾಣಿ

ಕಂಡದ್ದನ್ನೆಲ್ಲ "ಇದೇನು?" ಅಂತ ಕೇಳುವ ಬುದ್ಧಿ ನನಗೆ. ಹಾಗಾಗಿ ಕೊರೊನಾ ಕಾಲದಲ್ಲಿ ಜಪಾನಿನ ಕೋಬೆಯ ಜನ ಬಾಗಿಲು ಹಾಕಿಕೊಂಡು ಕೂತಿದ್ದರೂ ನನಗೆ ಇಂಥ ಪ್ರಸಂಗಗಳು ತಪ್ಪಲಿಲ್ಲ.

೧. ಕರಡಿಯೋ ನಾಯಿಯೋ

ನಮ್ಮ ಬೀದಿ ತುದಿಯಲ್ಲಿ ಒಬ್ಬ ಜಪಾನಿ ತಾತನ ಬೇಕರಿ. ಹರೆಯದಲ್ಲಿ ಜರ್ಮನಿಯ ಒಂದು ಸಣ್ಣ ಊರಿಗೆ ಹೋಗಿ ಬ್ರೆಡ್ ಮಾಡೋದು ಕಲಿತು ಬಂದವರು. ಅಲ್ಲಿಯವರು ಪ್ರೀತಿಯಿಂದ ಕೊಟ್ಟ ಆ ಊರಿನ ಲಾಂಛನ ಬಾಗಿಲ ಮೇಲಿತ್ತು: ಗುರಾಣಿ, ಅದರೊಳಗೆ ಕೋಟೆಗೋಡೆ, ಗೋಡೆ ಮೇಲೊಂದು ಪ್ರಾಣಿ. ಬಿಸಿಲಿಗೆ ಬಣ್ಣ ಹೋಗಿ ಗುರುತು ಸಿಗುತ್ತಿರಲಿಲ್ಲ.

"ಸುಮಿಮಾಸೆನ್," ಅಂತ ಜಪಾನಿಯಲ್ಲಿ ಕ್ಷಮೆ ಕೇಳಿಯೇ ಶುರು ಮಾಡಿದೆ, "ಇದ್ಯಾವ ಪ್ರಾಣಿ?"

"ಕರಡಿ," ಎಂದರು ತಾತ.

"ನಾಯಿ," ಎಂದರು ಒಳಗಿನಿಂದ ಅವರ ಹೆಂಡತಿ.

"ಅಲ್ಲಿ ಯಾರನ್ನೂ ಕೇಳಲಿಲ್ವಾ?"

"ಆಗ ನನಗೆ ಬರ್ತಿದ್ದ ಜರ್ಮನ್ ಎಲ್ಲ ಹಿಟ್ಟಿನ ಬಗ್ಗೆ," ಎಂದರು ತಾತ.

೨. ಅಮ್ಮನಿಗಾದ ದರ್ಶನ

ವಿಡಿಯೋ ಕಾಲ್‌ನಲ್ಲಿ ಮೈಸೂರಿನ ಅಮ್ಮನಿಗೆ ಫೋಟೋ ತೋರಿಸಿದೆ. ತಕ್ಷಣ ಕೈ ಮುಗಿದಳು. "ವರಾಹಸ್ವಾಮಿ ಕಣೋ! ಅಲ್ಲೂ ಗುಡಿ ಇದ್ಯಾ?"

"ಗುಡಿ ಅಲ್ಲಮ್ಮ, ಬೇಕರಿ."

"ಏನಾದ್ರೂ ಆಗ್ಲಿ, ಚಪ್ಪಲಿ ಹೊರಗೆ ಬಿಟ್ಟು ಹೋಗು."

ನಕ್ಕುಬಿಟ್ಟೆ. ಮಾರನೇ ದಿನ ನೋಡಿದರೆ ಬೇಕರಿ ಬಾಗಿಲಲ್ಲಿ ಒಂದು ಶೂ ಬಿಚ್ಚಿ ನಿಂತಿದ್ದೆ.

೩. ಗೋಡೆ ಮೇಲಿನ ಓಡಾಟ

ಕೊನೆಗೆ ಆ ಊರಿಗೇ ಇಮೇಲ್ ಹಾಕಿದೆ. ಅಲ್ಲಿಯ ಮ್ಯೂಸಿಯಂನ ಹೆಂಗಸೊಬ್ಬರು ವಿಡಿಯೋ ಕಾಲ್‌ಗೆ ಬಂದರು. ಅವರ ಇಂಗ್ಲಿಷನ್ನು ನನ್ನ ಮುರುಕು ಜಪಾನಿಗೆ ತಿರುಗಿಸುತ್ತ ಬೇಕರಿಯಲ್ಲೇ ಕೂತೆ.

"ಅದು ಹಂದಿ," ಎಂದರು. ಗಂಡ ಹೆಂಡತಿ ಇಬ್ಬರೂ ಸೋತರು.

ಹಿಂದೆ ಶತ್ರುಗಳು ಊರನ್ನು ಮುತ್ತಿದಾಗ ಒಳಗೆ ಉಳಿದಿದ್ದು ಒಂದೇ ಹಂದಿಯಂತೆ. ಅದನ್ನೇ ದಿನಾ ಗೋಡೆ ಮೇಲೆ ಬೇರೆ ಬೇರೆ ಕಡೆ ಓಡಾಡಿಸಿ, ಬಾಲ ಹಿಂಡಿ ಕಿರುಚಿಸಿದರಂತೆ. ಒಳಗೆ ಬೇಕಾದಷ್ಟು ಹಂದಿಗಳಿವೆ, ಇವರನ್ನು ಉಪವಾಸ ಕೆಡವಿ ಪ್ರಯೋಜನವಿಲ್ಲ ಅಂದುಕೊಂಡು ಶತ್ರುಗಳು ಡೇರೆ ಕಿತ್ತರಂತೆ.

"ಕಥೆ ನಿಜವೋ ಸುಳ್ಳೋ," ಎಂದರು ಆಕೆ, "ಏನೂ ಇಲ್ಲದಾಗಲೂ ಧೈರ್ಯ ಬಿಡಬೇಡಿ ಅಂತ ಅರ್ಥ."

ಗಿರಾಕಿಗಳಿಲ್ಲದೆ ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದ ತಾತ ಕನ್ನಡಕ ತೆಗೆದು ಒರೆಸಿಕೊಂಡರು.

ಅವರ ಹೆಂಡತಿ ಮೆಲ್ಲಗೆ ಬಾಯಿಬಿಟ್ಟರು. "ನಾನೂ ಅದನ್ನೇ ಮಾಡ್ತಿದ್ದೆ. ಒಂದೇ ಹಳೇ ಬ್ರೆಡ್ಡನ್ನ ದಿನಾ ಜಾಗ ಬದಲಾಯಿಸಿ ಗಾಜಿನ ಹಿಂದೆ ಇಡ್ತಿದ್ದೆ. ಅಂಗಡಿ ತುಂಬಿದ ಹಾಗೆ ಕಾಣ್ಲಿ ಅಂತ."

ತಾತ ಗಾಬರಿಯಾದರು. "ಆ ದೊಡ್ಡದಾ? ಅದನ್ನ ನಿನ್ನೆ ಮಾರಿಬಿಟ್ಟೆನಲ್ಲ!"

ಇಬ್ಬರೂ ನನ್ನ ಕಡೆ ತಿರುಗಿದರು.

ಜರ್ಮನ್ ಬ್ರೆಡ್ ಅಂದರೆ ಹೀಗೇ ಇರುತ್ತೆ ಅಂತ ಮನೆಯಲ್ಲಿ ನನ್ನ ಹೆಂಡತಿಗೆ ಪಾಠ ಹೇಳಿ, ಗರಗಸದಲ್ಲಿ ಕೊಯ್ದು, ಸಾರಿನಲ್ಲಿ ನೆನೆಸಿ ತಿಂದಿದ್ದೆವು.

"ಚೆನ್ನಾಗಿತ್ತು," ಎಂದೆ.

ತಾತ ಎದ್ದು ನಿಂತು ಏಪ್ರನ್ ಬಿಗಿದುಕೊಂಡರು. "ಅದನ್ನೂ ತಿಂದು ಚೆನ್ನಾಗಿತ್ತು ಅನ್ನೋ ಗಿರಾಕಿ ಇರೋವಾಗ ಅಂಗಡಿ ಯಾಕೆ ಮುಚ್ಚಲಿ?"